ಬಾರಿಸದೆ ಉಳಿದ ಗಂಟೆ

ಇಷ್ಟೆಲ್ಲ ಆಗಿದ್ದಕ್ಕೆ ಕಾರಣ ಒಂದು ಟಾಫಿ.

ಅದು ಬರ್ನಡೀನಳ ಕೌಂಟರಿನ ಮೇಲಿನ ಗಾಜಿನ ಬಟ್ಟಲಲ್ಲಿದ್ದ ಟಾಫಿ. ಹಾರ್ನ್‌ಬೀಮ್ ಎಂಬ ಆ ಊರಿನ ಕಚೇರಿಗೆ ಗಾಡಿಯ ನೋಂದಣಿ ನವೀಕರಿಸಲು ಹೋದವರೆಲ್ಲ ಅದರಲ್ಲಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುವುದು ರೂಢಿ. ಹಾಕಿಕೊಳ್ಳದಿದ್ದರೆ ಬರ್ನಡೀನ್ “ಯಾಕೆ, ನಿಂಗೂ ಸಕ್ಕರೆ ಕಾಯಿಲೆ ಶುರುವಾಯ್ತಾ?” ಎಂದು ಸಾಲಿಗೆಲ್ಲ ಕೇಳಿಸುವಂತೆ ವಿಚಾರಿಸುತ್ತಾಳೆ. ಎಲ್ರಾಯ್ ಬ್ರಾಂಡ್‌ವೋಲ್ಡ್ ಸಾಲಿಗೆಲ್ಲ ಕೇಳಿಸುವ ಯಾವ ಮಾತಿಗೂ ಹೆದರುವ ಮನುಷ್ಯ. ಆದ್ದರಿಂದ ತನ್ನ ಸರದಿ ಬಂದ ಕೂಡಲೇ ಒಂದು ಟಾಫಿ ಬಾಯಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ, ಬಾಯಲ್ಲಿ ಹೊಸ ಹಲ್ಲಿನ ಸೆಟ್ಟು ಇದೆ ಎಂಬುದು ನೆನಪಾಯಿತು.

“ನಿನ್ನ ಪಿಕಪ್ಪಿಗೆ ಇನ್ನೊಂದು ವರ್ಷ, ಅಲ್ವಾ?” ಎಂದಳು ಬರ್ನಡೀನ್. ಕಂಪ್ಯೂಟರಿನ ಗುಂಡಿಗಳನ್ನು ಒತ್ತುತ್ತಾ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಿದಳು. “ಮಾಜಿ ಸೈನಿಕರ ನಿಧಿಗೆ ಏನಾದ್ರೂ ಸೇರಿಸ್ಲಾ? ಒಂದು ಡಾಲರ್ ಆದ್ರೂ ಸರಿ, ಮೇಲೆ ಆದ್ರೂ ಸರಿ. ಬಲವಂತ ಏನಿಲ್ಲ.”

ಬಲವಂತವಿಲ್ಲದ್ದರಿಂದಲೇ ಹಾರ್ನ್‌ಬೀಮಿನಲ್ಲಿ ಈವರೆಗೆ ಯಾರೂ ಇಲ್ಲ ಎಂದಿರಲಿಲ್ಲ. ಕೌಂಟರಿನ ಪಕ್ಕದಲ್ಲಿ ಹಳೆಯ ಅಗ್ನಿಶಾಮಕ ಗಾಡಿಯ ಹಿತ್ತಾಳೆಯ ಗಂಟೆಯೊಂದನ್ನು ತೂಗುಹಾಕಿದ್ದರು. ಯಾರಾದರೂ ಕೊಟ್ಟರೆ ಬರ್ನಡೀನ್ ಅದನ್ನು ಬಾರಿಸುತ್ತಿದ್ದಳು, ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಆ ಗಂಟೆ ಬಾರಿಸದೆ ಯಾರೊಬ್ಬರೂ ಆ ಬಾಗಿಲು ದಾಟಿ ಹೋದದ್ದಿಲ್ಲ.

ಎಲ್ರಾಯ್ “ಐದು ಹಾಕು” ಎನ್ನಬೇಕೆಂದಿದ್ದ. ಮನೆಯಲ್ಲಿ ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿಕೊಂಡೂ ಬಂದಿದ್ದ. ಆದರೆ ಮೇಲಿನ ಸೆಟ್ಟು ಕೆಳಗಿನದನ್ನು ಬಿಡಲಿಲ್ಲ. ಟಾಫಿ ಎರಡನ್ನೂ ಗೋಡೆಗೆ ಗಾರೆ ಹಾಕಿದಂತೆ ಕೂಡಿಸಿಬಿಟ್ಟಿತ್ತು. ನಾಲಿಗೆಯಿಂದ ತಳ್ಳಿದ, ಬರಲಿಲ್ಲ. ದವಡೆ ಎಳೆದ, ಬರಲಿಲ್ಲ. ಕೊನೆಗೆ, ನೀರು ಕೊಡವುವ ನಾಯಿಯ ಹಾಗೆ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದ.

“ಬೇಡ್ವಾ?” ಬರ್ನಡೀನಳ ಹುಬ್ಬು ಕೂದಲಿನೊಳಗೆ ಹೋಯಿತು.

ಎಲ್ರಾಯ್ ಅಯ್ಯೋ, ಹಾಗಲ್ಲ, ಹಾಗಲ್ಲ ಎಂದು ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದ.

“ಸರಿ ಬಿಡಪ್ಪಾ. ಒಂದು ಸಲ ಹೇಳಿದ್ರೆ ಗೊತ್ತಾಗುತ್ತೆ.” ಬರ್ನಡೀನ್ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿ ಗುಂಡಿ ಒತ್ತಿದಳು. ನಂಬರ್ ಪ್ಲೇಟಿಗೆ ಅಂಟಿಸುವ ಮುಂದಿನ ವರ್ಷದ ಸ್ಟಿಕರನ್ನು ಒಂದು ಲಕೋಟೆಗೆ ಹಾಕಿ, ಬೆರಳ ತುದಿಯಿಂದ ಅವನತ್ತ ನೂಕಿದಳು. ಗಂಟೆ ಸುಮ್ಮನೆ ತೂಗಿಕೊಂಡಿತ್ತು. ಅದನ್ನು ಬಾರಿಸಿದಾಗ ಆಗುವ ಸದ್ದಿಗಿಂತ ಬಾರಿಸದಾಗ ಆಗುವ ಸದ್ದು ದೊಡ್ಡದು ಎಂಬುದು ಊರಿಗೆ ಅಂದು ಗೊತ್ತಾಯಿತು.

ಸಾಲಿನಲ್ಲಿ ಅವನ ಬೆನ್ನ ಹಿಂದೆಯೇ ನಿಂತಿದ್ದವಳು ಹೆಡ್ವಿಗ್. ಪಕ್ಕದ ಮನೆಯವಳು, ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾದವಳು. ನಿವೃತ್ತಿಯ ಮೇಲೂ ಊರಿನ ಸುದ್ದಿಯನ್ನೆಲ್ಲ ಅವಳೇ ಹಂಚುತ್ತಿದ್ದಳು, ಈಗ ಅಂಚೆಚೀಟಿಯೂ ಬೇಕಿರಲಿಲ್ಲ. ಎಲ್ರಾಯ್ ಹಿಂತಿರುಗಿದಾಗ ಅವಳು ಆಗಲೇ ಮೊಬೈಲು ಕಿವಿಗಿಟ್ಟುಕೊಂಡಿದ್ದಳು.

ಪಿಕಪ್ಪಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ಬೆರಳು ಹಾಕಿ ಟಾಫಿಯನ್ನು ಕಿತ್ತು, ಕೈಗೆ ಸಿಕ್ಕಿದ್ದರೊಳಗೆ ಉಗಿದ. ಕೈಗೆ ಸಿಕ್ಕಿದ್ದು ಸ್ಟಿಕರಿನ ಲಕೋಟೆ. ಸ್ಟಿಕರು, ಕಾಗದ, ಟಾಫಿ ಮೂರೂ ಒಂದಾಗಿ ಮುದ್ದೆಯಾದವು. “ಮನೇಲಿ ಬಿಸಿನೀರಿಗೆ ಹಾಕಿ ಬಿಡಿಸಿದ್ರಾಯ್ತು” ಎಂದು ಗೊಣಗಿ ಅದನ್ನು ಡ್ಯಾಶ್‌ಬೋರ್ಡಿನ ಗೂಡಿಗೆ ತುರುಕಿದ. “ಐದು ಹಾಕು!” ಎಂದು ಗಾಜಿಗೆ ಗಟ್ಟಿಯಾಗಿ ಹೇಳಿದ. ಈಗ ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು.

ಬೇರೆ ದಿನವಾಗಿದ್ದರೆ ಮನೆ ಸೇರಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ಆದರೆ ಅಂದು ಶುಕ್ರವಾರ. ಶುಕ್ರವಾರ ಸಂಜೆ ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲಿ, ಅಂದರೆ ಊರವರೆಲ್ಲ ‘ಹಾಲು’ ಎನ್ನುವ ಕಟ್ಟಡದಲ್ಲಿ, ಇಡೀ ಊರಿಗೆ ಮೀನಿನ ಊಟ, ಮೀನು ಕರಿಯುವವನು ಎಲ್ರಾಯ್. ಅವನು ಸೈನಿಕನಲ್ಲ. ಹುಡುಗನಾಗಿದ್ದಾಗ ಸೈನ್ಯ ಸೇರಲು ಹೋಗಿ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ ಆಸ್ಕರ್ ಲಿಂಡಾಲ್, ಹಿಂದೆ ಮೈಲೋ ಗ್ರುಂಕೆ. ಚಪ್ಪಟೆ ಪಾದ, ಸೈನ್ಯಕ್ಕೆ ಆಗದು ಎಂದು ಎಲ್ರಾಯ್‌ನನ್ನು ಮನೆಗೆ ಕಳಿಸಿದರು. ಯುದ್ಧದಿಂದ ಆಸ್ಕರ್ ಎರಡೂ ಕಾಲು ಕಳೆದುಕೊಂಡು ಬಂದ, ಮೈಲೋ ಕುಂಟುತ್ತಾ ಬಂದ. ಎಲ್ರಾಯ್‌ನ ಚಪ್ಪಟೆ ಪಾದಗಳು ಇವತ್ತಿಗೂ ಚೆನ್ನಾಗಿಯೇ ಇವೆ. ಅಂದಿನಿಂದ ಆ ಪಾದಗಳ ಮೇಲೆ ಬಾಣಲೆಯ ಮುಂದೆ ನಿಂತು ಅವರಿಗೆ ಮೀನು ಕರಿದುಹಾಕುವುದೇ ಅವನು ಮಾಡುವ ಸೇವೆ. ಅದರ ಬಗ್ಗೆ ಅವನು ಯಾರ ಹತ್ತಿರವೂ ಮಾತಾಡಿದವನಲ್ಲ. ಮೀನು ಕರಿಯುವಾಗ ಕಟ್ಟಿಕೊಳ್ಳುವ ಬಿಳಿ ಏಪ್ರನ್ನು ಕೈತಪ್ಪಿದರೆ ತನ್ನಲ್ಲಿ ಮತ್ತೇನು ಉಳಿಯುತ್ತದೆ ಎಂದು ಮಾತ್ರ ಆಗಾಗ ಯೋಚಿಸಿ ಬೆವರುತ್ತಿದ್ದ.

ಸುದ್ದಿ ಹಬ್ಬುವ ಮೊದಲೇ ನಿಜ ಹೇಳಿಬಿಡೋಣ ಎಂದು ಕಾಫಿ ಅಂಗಡಿಯ ಬಾಗಿಲು ತೆಗೆದಾಗ ಒಳಗಿನ ಮಾತು ನಲ್ಲಿ ತಿರುಗಿಸಿದಂತೆ ನಿಂತಿತು. ಅಂಗಡಿಯ ಕ್ಲೀಟಸ್ ಮೀನಿನ ಏಪ್ರನ್ನಿನ ಮೇಲೆ ಬಹಳ ದಿನದಿಂದ ಕಣ್ಣಿಟ್ಟವನು. ಅವನು ಮೀನು ಕರಿದರೆ ಟೈರು ಸುಟ್ಟ ವಾಸನೆ ಬರುತ್ತದೆ ಎಂಬುದು ಅವನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತು.

“ಬಾಪ್ಪಾ ಎಲ್ರಾಯ್, ಕಾಫಿ ಕೊಡ್ಲಾ? ಅಥ್ವಾ ಅದಕ್ಕೂ ತಲೆ ಅಲ್ಲಾಡಿಸ್ತೀಯಾ?”

“ಕ್ಲೀಟಸ್, ಅದು ಟಾಫಿ ಕಣಯ್ಯಾ. ಹಲ್ಲಿಗೆ ಅಂಟ್ಕೊಂಡಿತ್ತು.”

“ಟಾಫಿ!” ಕ್ಲೀಟಸ್ ಗಿರಾಕಿಗಳ ಕಡೆ ತಿರುಗಿದ. “ಕೇಳಿದ್ರಾ? ಒಂದು ಡಾಲರ್ ಉಳಿಸೋಕೆ ತಪ್ಪನ್ನ ಟಾಫಿ ಮೇಲೆ ಹಾಕ್ತಾನೆ.”

ಎಲ್ರಾಯ್ ಸರಸರನೆ ನೋಟು ತೆಗೆದು, ಗಲ್ಲಾಪೆಟ್ಟಿಗೆಯ ಪಕ್ಕ ಇದ್ದ ಸೈನಿಕರ ನಿಧಿಯ ಡಬ್ಬಿಗೆ ಹಾಕಿದ. “ತಗೋ, ಆಯ್ತಲ್ಲ?”

“ಡಬ್ಬಿಗೆ ಯಾರು ಬೇಕಾದ್ರೂ ಹಾಕ್ತಾರೆ,” ಎಂದ ಕ್ಲೀಟಸ್. “ಗಂಟೆ ಬಾರಿಸ್ಲಿಲ್ವಲ್ಲ. ಇವತ್ತು ಸಂಜೆ ನಿಂಗೆ ಸುಸ್ತಾಗಿರುತ್ತೆ, ಮೀನು ನಾನೇ ನೋಡ್ಕೋತೀನಿ. ಮೈಲೋಗೆ ಹೇಳಿದ್ದೀನಿ.”

ಅಷ್ಟರಲ್ಲಿ ಮೈಲೋನೇ ಕುಂಟುತ್ತಾ ಒಳಗೆ ಬಂದ. ಮಾಜಿ ಸೈನಿಕರ ಸಂಘದ ಅಧ್ಯಕ್ಷ ಅವನು. ಎಲ್ರಾಯ್‌ನನ್ನು ಕಂಡವನೇ ಒಂದು ಕ್ಷಣ ಗಲಿಬಿಲಿಗೊಂಡು, ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದ.

“ನೋಡು, ಊರು ಏನ್ ಬೇಕಾದ್ರೂ ಆಡ್ಕೊಳ್ಳಿ. ಸಂಜೆ ಹಾಲಿಗೆ ಬರ್ದೇ ಇರ್ಬೇಡ. ನಿನ್ ವಿಷಯ ಎಲ್ಲರ ಎದುರಿಗೂ ಎತ್ಬೇಕಾಗಿದೆ. ಈಗ ಹೇಳೋ ಹಾಗಿಲ್ಲ.”

ಹೇಳಿ ಕಣ್ಣು ಮಿಟುಕಿಸಿದ. ಎಲ್ರಾಯ್‌ಗೆ ಅದು ವೈದ್ಯರು ಚಾಕು ಎತ್ತಿಕೊಳ್ಳುವ ಮೊದಲು ಕಣ್ಣು ಮಿಟುಕಿಸಿದಂತೆ ಕಂಡಿತು. ಎಲ್ಲರ ಎದುರಿಗೆ! ಅವನ ಚಪ್ಪಟೆ ಪಾದಗಳು ಬೆವರಿದವು. ಕಾಫಿ ಕುಡಿಯದೆ ನೇರವಾಗಿ ಬರ್ನಡೀನಳ ಕೌಂಟರಿಗೆ ಓಡಿದ.

“ಐದು ಹಾಕು! ಬೇಡ, ಹತ್ತು ಹಾಕು!”

“ಯಾವುದಕ್ಕೆ ಹಾಕ್ಲಿ?” ಎಂದಳು ಬರ್ನಡೀನ್. “ನಿನ್ ಗಾಡಿದು ಮುಗೀತಲ್ಲ. ಈ ಕಂಪ್ಯೂಟರು ರಿನ್ಯೂ ಮಾಡ್ಬೇಕಾದ್ರೆ ಮಾತ್ರ ದಾನ ಕೇಳುತ್ತೆ. ಬರೀ ದಾನ ಅಂತ ಗುಂಡಿನೇ ಇಲ್ಲ. ಮುಂದಿನ ಮಾರ್ಚಿಗೆ ಬಾ.”

“ಸುಮ್ನೆ ಗಂಟೆ ಆದ್ರೂ ಬಾರ್ಸೇ ತಾಯಿ!”

“ಸುಮ್ಸುಮ್ನೆ ಬಾರ್ಸೋಕೆ ಇದೇನು ಐಸ್‌ಕ್ರೀಮ್ ಗಾಡೀನಾ?” ಬರ್ನಡೀನ್‌ಗೂ ಸ್ವಲ್ಪ ಕನಿಕರ ಬಂದಿರಬೇಕು, ದನಿ ತಗ್ಗಿಸಿದಳು. “ಮನೇಲಿ ಬೇರೆ ಗಾಡಿ ಏನೂ ಇಲ್ವಾ? ಅದರ ಪ್ಲೇಟಿನ ನಂಬರ್ ತಗೊಂಡ್ ಬಾ. ಬಾಗಿಲು ಹಾಕೋದ್ರೊಳಗೆ.”

ಇತ್ತು. ಬೇರೆ ಗಾಡಿ ಇತ್ತು.

ಎಲ್ರಾಯ್‌ನ ಹಿತ್ತಲಲ್ಲಿ, ಅವನ ಪಿಕಪ್ಪಿನದೇ ಕಂಪನಿಯ, ಅದೇ ವಯಸ್ಸಿನ, ಅದೇ ತುಕ್ಕಿನ ಬಣ್ಣದ ಇನ್ನೊಂದು ಪಿಕಪ್ಪು ಬಿದ್ದುಕೊಂಡಿತ್ತು. ಬಿಡಿಭಾಗಗಳಿಗೆಂದು ಕೊಂಡದ್ದು. ಅದರ ಇಂಜಿನ್ ಕಿತ್ತು ಇದಕ್ಕೆ ಹಾಕಿದ ಮೇಲೆ ಅದು ಅಲ್ಲೇ ಕೂತಿತ್ತು. “ಒಂದು ನಡೆಯೋ ಹೆಣ, ಒಂದು ನಡೆಯದ ಹೆಣ” ಎನ್ನುತ್ತಿದ್ದಳು ಹೆಂಡತಿ ಲವಾನ್. “ನಡೆಯದ ಹೆಣಾನ ಯಾವತ್ತು ಸಾಗ್ಸ್ತೀಯಾ?” ಎಂದು ಕೇಳಿದಾಗಲೆಲ್ಲ ಎಲ್ರಾಯ್ “ಹಿಮ ಕರಗ್ಲಿ” ಎನ್ನುತ್ತಿದ್ದ. ಎಷ್ಟೋ ಹಿಮ ಕರಗಿ ಹೋಗಿತ್ತು. ಅಂದು ಬೆಳಿಗ್ಗೆ ಅವಳು ಪಕ್ಕದೂರಿನ ತಂಗಿಯ ಮನೆಗೆ ಹೋಗಿದ್ದಳು, ಸಂಜೆ ನೇರವಾಗಿ ಹಾಲಿಗೆ ಬರುವವಳಿದ್ದಳು. ಹೊರಡುವಾಗ “ಸಂಜೆ ನಿಂಗೊಂದು ಆಶ್ಚರ್ಯ ಕಾದಿದೆ” ಎಂದು ನಕ್ಕಿದ್ದಳು. ಎಲ್ರಾಯ್ ಕನ್ನಡಿಯ ಮುಂದೆ ‘ಐದು ಹಾಕು’ ಅಭ್ಯಾಸದಲ್ಲಿದ್ದುದರಿಂದ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ಓಡೋಡಿ ಬಂದು, ನಡೆಯುವ ಪಿಕಪ್ಪನ್ನು ನಡೆಯದ ಪಿಕಪ್ಪಿನ ಪಕ್ಕಕ್ಕೇ ನಿಲ್ಲಿಸಿ, ಬೀಗದ ಕೈಯನ್ನು ಊರಿನ ವಾಡಿಕೆಯಂತೆ ಗಾಡಿಯಲ್ಲೇ ಬಿಟ್ಟು, ಸಲಿಕೆ ಹಿಡಿದ. ಹೆಪ್ಪುಗಟ್ಟಿದ ಹಿಮ ಒಡೆದ, ಮುಳ್ಳುಬಳ್ಳಿ ಕಿತ್ತ. ಪ್ಲೇಟು ಕಾಣುವಷ್ಟು ಒರೆಸಿದರೆ ಸಾಕಿತ್ತು. ಗಾಬರಿಯಲ್ಲಿ ಇಡೀ ಗಾಡಿಯನ್ನೇ ಬಕೆಟ್ಟು ಬಕೆಟ್ಟು ಬಿಸಿನೀರು ಸುರಿದು ತೊಳೆದುಬಿಟ್ಟ.

ಬೇಲಿಯ ಮೇಲೆ ಹೆಡ್ವಿಗ್‌ಳ ಮುಖ ಮೂಡಿತು. “ಏನೋ ಇದು ಎಲ್ರಾಯ್? ಹೆಣಕ್ಕೆ ಸ್ನಾನ ಮಾಡಿಸ್ತಿದ್ದೀಯಾ?”

“ರಿನ್ಯೂ ಮಾಡಿಸ್ತೀನಿ.”

“ಇದನ್ನಾ? ಇದಕ್ಕೆ ಇಂಜಿನ್ನೇ ಇಲ್ವಲ್ಲೋ!”

“ಇಂಜಿನ್ ಇದ್ಯಾ ಅಂತ ಬರ್ನಡೀನ್ ಕೇಳಲ್ಲ. ದಾನ ಕೊಡ್ತೀಯಾ ಅಂತ ಕೇಳ್ತಾಳೆ,” ಎಂದ ಎಲ್ರಾಯ್. ಅವನ ಜೀವಮಾನದಲ್ಲಿ ಆಡಿದ ಚುರುಕು ಮಾತು ಅದೊಂದೇ. ಆದರೆ ಹೆಡ್ವಿಗ್ ಸುಲಭಕ್ಕೆ ಬಿಡುವವಳಲ್ಲ. ಕೋಟು ಏರಿಸಿಕೊಂಡು ತನ್ನ ಕಾರನ್ನು ಹೊರಗೆ ತೆಗೆದಳು. “ಕಾರು ಹತ್ತು. ನಾನೇ ಕರ್ಕೊಂಡ್ ಹೋಗ್ತೀನಿ. ನೀನು ಕೊಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ದಿದ್ರೆ ನಾಳೆ ಜನಕ್ಕೆ ಏನಂತ ಹೇಳ್ಲಿ?”

ಈ ಸಲ ಟಾಫಿಯ ಬಟ್ಟಲನ್ನು ಎಲ್ರಾಯ್ ಕೈಯಿಂದ ದೂರ ಸರಿಸಿದ. ಸತ್ತ ಗಾಡಿಯ ನಂಬರು ಹೇಳಿದ. ಬರ್ನಡೀನ್ ಪ್ರಶ್ನೆ ಕೇಳಿ ಮುಗಿಸುವ ಮೊದಲೇ “ಹಾಕು! ಹಾಕು! ಇಪ್ಪತ್ತು ಹಾಕು!” ಎಂದು ಕೂಗಿದ. ಬರ್ನಡೀನ್ ಗಂಟೆ ಬಾರಿಸಿದಳು. ಸಾಲಿನಲ್ಲಿ ಆಗ ಇದ್ದವಳು ಹೆಡ್ವಿಗ್ ಒಬ್ಬಳೇ. ಅವಳೇ ಹತ್ತು ಜನಕ್ಕಾಗುವಷ್ಟು ಚಪ್ಪಾಳೆ ತಟ್ಟಿದಳು. ಎಲ್ರಾಯ್‌ಗೆ ಬಿಗಿಯಾದ ಬೂಟು ಬಿಚ್ಚಿದಂಥ ಸುಖವಾಯಿತು.

ಮನೆಗೆ ಬಂದ ಮೇಲೂ ಹೆಡ್ವಿಗ್ ಹೋಗಲಿಲ್ಲ. “ಸ್ಟಿಕರ್ ಅಂಟಿಸು ಮತ್ತೆ, ನಾನು ನೋಡ್ಬೇಕು.” ಎಲ್ರಾಯ್ ಸತ್ತ ಪಿಕಪ್ಪಿನ ಪ್ಲೇಟನ್ನು ತೋಳಿನಿಂದ ಉಜ್ಜಿ, ಹೊಸ ಸ್ಟಿಕರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂಡಿಸಿದ. ಹೆಡ್ವಿಗ್ ಮೊಬೈಲಿನಲ್ಲಿ ಫೋಟೋ ತೆಗೆದಳು. ತೊಳೆದ ಗಾಡಿ ಹೊಸ ಸ್ಟಿಕರಿನಲ್ಲಿ ಮದುಮಗನ ಹಾಗೆ ಕಂಡಿತು. ಪಕ್ಕದಲ್ಲಿ ನಿಜವಾಗಿ ಓಡುವ ಗಾಡಿ, ದಾರಿಯ ಉಪ್ಪು ಕೆಸರು ಮೆತ್ತಿಕೊಂಡು, ಹೋದ ವರ್ಷದ ಸ್ಟಿಕರು ಹೊತ್ತು, ಮದುವೆಗೆ ಕರೆಯದ ನೆಂಟನ ಹಾಗೆ ನಿಂತಿತ್ತು. ಗೂಡಿನೊಳಗಿನ ಟಾಫಿಯ ಮುದ್ದೆ ಎಲ್ರಾಯ್‌ಗೆ ನೆನಪಾಗಲೇ ಇಲ್ಲ. ಹೊತ್ತಾಗಿತ್ತು. ಶುಕ್ರವಾರ ಹಾಲಿನ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗದ್ದರಿಂದ ಅವನು ಯಾವಾಗಲೂ ನಡೆದೇ ಹೋಗುತ್ತಿದ್ದ. ಅಂದೂ ನಡೆದೇ ಹೋದ.

ಹಾಲಿನ ಮೆಟ್ಟಿಲ ಹತ್ತಿರ ನಾಲ್ವರು ಆಸ್ಕರ್‌ನನ್ನು ಗಾಲಿಕುರ್ಚಿಯ ಸಮೇತ ಎತ್ತುತ್ತಿದ್ದರು. ಪ್ರತಿ ಶುಕ್ರವಾರದ ಕೆಲಸ ಅದು. “ಬಾಗಿಲಿಗೆ ಒಂದು ಇಳಿಜಾರು ಕಟ್ಟಿಸ್ರೋ. ಪಿಯಾನೋ ಸಾಗಿಸ್ದಂಗೆ ಎಷ್ಟ್ ದಿನ ನನ್ನ ಸಾಗಿಸ್ತೀರಾ?” ಎಂದು ಆಸ್ಕರ್ ಮೇಲಿನಿಂದ ಬಯ್ಯುತ್ತಿದ್ದ. ಎಲ್ರಾಯ್‌ನನ್ನು ಕಂಡು, “ಏಯ್ ಚಪ್ಪಟೆ ಪಾದ! ಬೇಗ ಒಳಗ್ ಹೋಗೋ. ಅವನು ಆಗ್ಲೇ ಟೈರ್ ಸುಡೋಕೆ ಶುರು ಮಾಡಿದ್ದಾನೆ!” ಎಂದ.

ಒಳಗೆ ಹೊಗೆ ತುಂಬಿತ್ತು. ಏಪ್ರನ್ನು ಕಟ್ಟಿಕೊಂಡ ಕ್ಲೀಟಸ್ ಬಾಣಲೆಯಿಂದ ಮಾರು ದೂರ ನಿಂತು, ಹಾವು ಹಿಡಿಯುವವನಂತೆ ಇಕ್ಕಳ ಚಾಚಿದ್ದ. ಆದರೆ ಹೆಡ್ವಿಗ್‌ಳ ಫೋಟೋ ಎಲ್ರಾಯ್‌ಗಿಂತ ಮೊದಲೇ ಹಾಲು ತಲುಪಿತ್ತು. “ಬಿಡಯ್ಯಾ ಅವನಿಗೆ! ಸತ್ತ ಗಾಡಿ ರಿನ್ಯೂ ಮಾಡಿಸಿ ನಿಧಿಗೆ ಇಪ್ಪತ್ತು ಕೊಟ್ಟಿದ್ದಾನಂತೆ!” ಎಂದು ಯಾರೋ ಕೂಗಿದರು. ಕ್ಲೀಟಸ್ ಏಪ್ರನ್ನು ಬಿಚ್ಚಿ ಕೊಟ್ಟ. ಅವನ ಮುಖದಲ್ಲೂ ‘ಸದ್ಯ, ಬದುಕಿದೆ’ ಎಂಬ ಕಳೆಯಿತ್ತು. ಎಲ್ರಾಯ್ ಹೊಸ ಎಣ್ಣೆ ಇಟ್ಟು, ಮೊದಲ ಪರ್ಚ್ ಮೀನನ್ನು ಹಿಟ್ಟಿನಲ್ಲಿ ಅದ್ದಿ ಬಿಟ್ಟ. ಎಣ್ಣೆ ಚೊಂಯ್ ಎಂದಿತು.

ಎಲ್ಲರ ತಟ್ಟೆಗೂ ಮೀನು ಬಿದ್ದ ಮೇಲೆ ಮೈಲೋ ಮೈಕು ಹಿಡಿದ. ಎಲ್ರಾಯ್ ಕರಿದ ಚೀಸಿನ ತುಂಡೊಂದನ್ನು ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದ. ತಂಗಿಯ ಮನೆಯಿಂದ ಬಂದಿದ್ದ ಲವಾನ್ ಮುಂದಿನ ಮೇಜಿನಲ್ಲಿ ಕೂತು ಮುಸಿಮುಸಿ ನಗುತ್ತಿದ್ದಳು.

“ಇವತ್ತು ಈ ಊರು ಒಬ್ಬ ಮನುಷ್ಯನ್ನ ಇಡೀ ದಿನ ಆಡ್ಕೊಳ್ತು,” ಎಂದ ಮೈಲೋ. “ನಾನು ಬಾಯಿ ಮುಚ್ಕೊಂಡಿದ್ದೆ. ಯಾಕಂದ್ರೆ ಲವಾನ್ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು. ಒಂದು ಡಾಲರ್ ಕೊಡ್ಲಿಲ್ಲ ಅಂದ್ರಲ್ಲ ಎಲ್ರಾಯ್‌ನ? ಅವನ ಹಿತ್ತಲಲ್ಲಿ ಬಿದ್ದಿದ್ದ ಇಡೀ ಪಿಕಪ್ಪನ್ನೇ ಲವಾನ್ ನಮ್ಮ ಸಂಘಕ್ಕೆ ಕೊಡಿಸಿದ್ದಾಳೆ! ಗುಜರಿಗೆ ಹಾಕಿ, ಬಂದ ದುಡ್ಡಲ್ಲಿ ನಮ್ಮ ಆಸ್ಕರ್‌ಗೆ ಬಾಗಿಲಲ್ಲಿ ಇಳಿಜಾರು ಕಟ್ಟಿಸ್ತೀವಿ. ಕಿಟಕಿ ಹೊರಗೆ ನೋಡಿ!”

ಜನ ಹೋ ಎಂದು ಕಿಟಕಿಗೆ ಮುತ್ತಿದರು. ಹೊರಗೆ ಮೈಲೋನ ಭಾವಮೈದ ಡ್ವೈಟ್ ತನ್ನ ಲಾರಿಯ ದೀಪಗಳನ್ನೆಲ್ಲ ಹಾಕಿದ. ಲಾರಿಯ ಮೇಲೆ ಸರಪಳಿ ಬಿಗಿದು ಕಟ್ಟಿದ್ದ ಪಿಕಪ್ಪು. ಅದರ ಹಿಂದಿನ ಗಾಜಿನಲ್ಲಿ ಎಲ್ರಾಯ್ ಮೀನು ಹಿಡಿಯಲು ಹೋಗುವಾಗ ಹಾಕಿಕೊಳ್ಳುವ ಹಸಿರು ಟೋಪಿ ತೂಗುತ್ತಿತ್ತು.

“ಒಂದೇ ಥರದ್ದು ಎರಡಿತ್ತು ಕಣ್ರೀ,” ಡ್ವೈಟ್ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದ. “ಒಂದು ಥಳಥಳ ತೊಳೆದು, ಹೊಸ ಸ್ಟಿಕರ್ ಅಂಟಿಸಿತ್ತು. ಇನ್ನೊಂದು ಕೆಸರು ಕೆಸರು, ಹಳೇ ಸ್ಟಿಕರು. ಯಾವುದು ಗುಜರಿ ಅಂತ ಯಾರಾದ್ರೂ ಹೇಳ್ಬೇಕಾ? ಆದ್ರೆ ಬಾನೆಟ್ ಮಾತ್ರ ಸ್ವಲ್ಪ ಬೆಚ್ಚಗಿತ್ತು. ಬಿಸಿಲಿಗಿರ್ಬೇಕು ಅಂದ್ಕೊಂಡೆ.”

ಅಂದು ಬಿಸಿಲೇ ಇರಲಿಲ್ಲ. ಲವಾನ್‌ಳ ನಗು ಅರ್ಧಕ್ಕೆ ನಿಂತಿತು. “ಎಲ್ರಾಯ್,” ಎಂದು ಪಿಸುಗುಟ್ಟಿದಳು, “ಅದು ನಡೆಯೋ ಹೆಣ ಅಲ್ವಾ?”

“ಎಲ್ರಾಯ್!” ಮೈಲೋ ಮೈಕನ್ನು ಅವನ ಬಾಯಿಗೇ ಹಿಡಿದ. “ಕಾಗದ ಪತ್ರ ಸೋಮವಾರ ನೋಡ್ಕೊಳ್ಳೋಣ. ನಿನ್ ಬಾಯಲ್ಲಿ ಒಂದು ಮಾತು ಹೇಳ್ಬಿಡು. ಈ ಗಾಡೀನ ಮನಸಾರೆ ಕೊಡ್ತೀಯಾ? ಬಲವಂತ ಏನಿಲ್ಲ!”

ಬರ್ನಡೀನ್ ಕೌಂಟರಿನ ಹಿತ್ತಾಳೆ ಗಂಟೆಯನ್ನು ಕಳಚಿಕೊಂಡೇ ಬಂದಿದ್ದಳು. ಅದರ ಹಗ್ಗ ಹಿಡಿದು ತಯಾರಾಗಿ ನಿಂತಳು.

ಎಲ್ರಾಯ್ ಬಾಯಿ ತೆರೆಯಹೋದ. ಚೀಸು ಬಿಡಲಿಲ್ಲ. ಅದು ಮೇಲಿನ ಸೆಟ್ಟಿಗೂ ಕೆಳಗಿನ ಸೆಟ್ಟಿಗೂ ರಬ್ಬರಿನಂತೆ ಹಬ್ಬಿ ಕೂತಿತ್ತು. ಇಡೀ ಹಾಲು ಅವನ ತಲೆಯನ್ನೇ ನೋಡುತ್ತಿತ್ತು. ಎಡಕ್ಕೂ ಬಲಕ್ಕೂ ಒಂದು ಸಲ ಆಡಿಸಿದರೆ ಸಾಕು, ಗಾಡಿ ಉಳಿಯುತ್ತಿತ್ತು. ಆದರೆ ಹಾಗೆ ಆಡಿಸಿದರೆ ಏನಾಗುತ್ತದೆ ಎಂಬುದನ್ನು ಅವನು ಬೆಳಗಿನಿಂದ ಚೆನ್ನಾಗಿ ಕಲಿತಿದ್ದ. ಮೇಜಿನ ತುದಿಯಲ್ಲಿ ಆಸ್ಕರ್ ಫೋರ್ಕು ಕೆಳಗಿಟ್ಟು ಕೂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಲ್ಲಿ ಬಯ್ಗುಳ ಇರಲಿಲ್ಲ. ಸೈನ್ಯ ಸೇರಲು ನಿಂತ ಆ ಸಾಲಿನಲ್ಲಿ ಎಲ್ರಾಯ್ ತನ್ನ ಮುಂದೆ ನೋಡಿದ್ದು ಇವನದೇ ಬೆನ್ನನ್ನು.

ಎಲ್ರಾಯ್ ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿ ಕೆಳಕ್ಕೆ ಇಳಿಸಿದ.

ಗಂಟೆ ಎಷ್ಟು ಜೋರಾಗಿ ಮೊಳಗಿತೆಂದರೆ ಆಚೆ ಬೀದಿಯ ನಾಯಿಗಳು ಊಳಿಟ್ಟವು. ಕ್ಲೀಟಸ್ ಬಂದು ಅಪ್ಪಿಕೊಂಡ. ಆಸ್ಕರ್ ಮೂಗು ಸೀಟಿಕೊಂಡು “ಮೀನು ಆರ್ತಾ ಇದೆ, ಗಲಾಟೆ ನಿಲ್ಸ್ರೋ” ಎಂದು ಗದರಿದ.

ರಾತ್ರಿ ಇಬ್ಬರೂ ಮನೆಗೆ ಬಂದರು. ಹಿತ್ತಲ ದೀಪದ ಕೆಳಗೆ ಗಾಡಿಯಿಲ್ಲದ ಜಾಗ, ಅದರ ಪಕ್ಕದಲ್ಲಿ ತೊಳೆದು ಥಳಥಳಿಸುವ ನಡೆಯದ ಹೆಣ.

“ಎರಡ್ರಲ್ಲಿ ನಡೆಯೋದನ್ನ ಕೊಟ್ಟು ಬಂದ್ಯಲ್ಲಾ,” ಎಂದಳು ಲವಾನ್. “ನಾಳೆ ಬೆಳಿಗ್ಗೆ ಹೋಗಿ ಮೈಲೋಗೆ ನಿಜ ಹೇಳ್ಬಿಡು. ತಪ್ಪಾಯ್ತು, ಅದು ಬೇಡ ಇದನ್ನ ತಗೊಳ್ಳಿ ಅಂತ.”

ಎಲ್ರಾಯ್ ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡ. “ಗಂಟೆ ಬಾರಿಸಿ ಆಯ್ತಲ್ಲೇ.”

“ಇನ್ಮೇಲೆ ಸಂತೆಗೆ ಯಾವುದ್ರಲ್ಲಿ ಹೋಗ್ತೀಯಾ? ಇದ್ರಲ್ಲಾ?”

ಎಲ್ರಾಯ್ ಸತ್ತ ಪಿಕಪ್ಪಿನ ಸ್ಟಿಕರಿನ ಮೂಲೆಯೊಂದು ಎದ್ದಿರುವುದನ್ನು ಕಂಡು ಬಗ್ಗಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸಿದ. ಅವನ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವನ ಸಮಾಧಾನವಿತ್ತು.

“ಹೋಗೋದೇ ಬೇಡ ಬಿಡು,” ಎಂದ. “ಇನ್ನೊಂದು ವರ್ಷ ಬರ್ನಡೀನ್ ಮುಂದೆ ಸಾಲಲ್ಲಿ ನಿಲ್ಲೋ ಕೆಲ್ಸ ಇಲ್ವಲ್ಲ.”